ಹಾಸುಹುಲ್ಲು ಬೇಡ, ಮಲ್ಲಿಗೆ ಇರಲಿ

ನವೆಂಬರ್ ಕೊನೆಯ ವಾರವೆಂದರೆ ದುಂಡುಮಲ್ಲಿಗೆ ಸವರುವ ಕಾಲ. ಅದನ್ನು ಮೊದಲು ಮುಗಿಸಿಬಿಡೋಣ. ಸವರುವ ಮುಂಚೆ ಕೆಲವು ದಿನ ಗಿಡಕ್ಕೆ ನೀರು ನಿಲ್ಲಿಸಿ. ಆಮೇಲೆ ನೆಲದಿಂದ ಒಂದೂವರೆ ಅಡಿ ಉಳಿಸಿ ಮೇಲಿನದ್ದನ್ನೆಲ್ಲ ಕತ್ತರಿಸಿ. ಕತ್ತರಿ ಕಣ್ಣಿನ ತುಸು ಮೇಲೆ, ಓರೆಯಾಗಿ ಬೀಳಲಿ. ಒಣಕಡ್ಡಿ, ಒಳಕ್ಕೆ ತಿರುಗಿದ ರೆಂಬೆ, ಉಳಿದ ಹಳೆಯ ಎಲೆ ಯಾವುದಕ್ಕೂ ದಾಕ್ಷಿಣ್ಯ ಬೇಡ. ಬುಡ ಕೆದಕಿ, ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ ನೀರುಣಿಸಿದರೆ ಚಿಗುರು ತಾನೇ ಬರುತ್ತದೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಸಾಮಾನ್ಯವಾಗಿ ಅಲ್ಲಿ ಮೂರು ಮೊಗ್ಗು ಒಟ್ಟಿಗೆ ಕೂತಿರುತ್ತವೆ, ನಡುವಿನದು ಮೊದಲು ಬಿರಿಯುತ್ತದೆ. ಸವರದೆ ಬಿಟ್ಟ ಗಿಡ ಬರೀ ಬಳ್ಳಿಯಾಗಿ ಕಾಂಪೌಂಡ್ ಹತ್ತುತ್ತದೆ.

ಸವರುವ ವಿಷಯ ಇಷ್ಟೇ. ಆದರೆ ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಓಡಾಡುವಾಗ ನನಗೆ ಸಂಕಟವಾಗುತ್ತದೆ. ಅಲ್ಲಿ ಸವರುವುದಕ್ಕೆ ಮಲ್ಲಿಗೆಯೇ ಇಲ್ಲ. ಗೇಟಿನಿಂದ ಹೊಸ್ತಿಲವರೆಗೆ ಟೈಲ್ಸ್, ಮೂಲೆಯಲ್ಲಿ ಬಿಳಿ ಬೆಣಚುಕಲ್ಲು, ದುಡ್ಡಿದ್ದವರಾದರೆ ಚಾಪೆಯಂತೆ ತಂದು ಹಾಸಿದ ಮೆಕ್ಸಿಕನ್ ಹುಲ್ಲು. ಗುತ್ತಿಗೆಗೆ ತೋಟ ಮಾಡಿಕೊಡುವವರು ಇದನ್ನೇ ‘ನಿರ್ವಹಣೆ ಕಡಿಮೆ’ ಎಂದು ಮಾರುತ್ತಾರೆ. ಈ ಮಾತನ್ನು ನಾನು ಹಿಂದೆಯೂ ಒಪ್ಪಿಲ್ಲ, ಈಗಲೂ ಒಪ್ಪುವುದಿಲ್ಲ.

ಲೆಕ್ಕ ಹಾಕಿ ನೋಡಿ. 200 ಚದರಡಿ ಹುಲ್ಲು, ಬೇಸಿಗೆಯ ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾದರೂ 90 ಲೀಟರಿಗಿಂತ ಹೆಚ್ಚು ಬೇಡುತ್ತದೆ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದನ್ನು ನಾವೆಲ್ಲ ಕಂಡವರೇ. ಟೈಲ್ಸಿನದು ಇನ್ನೊಂದು ಬಗೆಯ ನಷ್ಟ. ಬೆಂಗಳೂರಿನ ವರ್ಷದ ಮಳೆ ಹತ್ತಿರ ಹತ್ತಿರ 970 ಮಿಲಿಮೀಟರ್. ಅಷ್ಟೇ ಜಾಗಕ್ಕೆ ಟೈಲ್ಸ್ ಹಾಕಿದರೆ ಸುಮಾರು 18,000 ಲೀಟರ್ ಮಳೆನೀರು ಮಣ್ಣಿಗೆ ಇಳಿಯುವುದಿಲ್ಲ, ಬಹುಪಾಲು ಚರಂಡಿಯ ಪಾಲು.

‘ಲಾಲ್‌ಬಾಗಿನಲ್ಲೂ ಹುಲ್ಲುಹಾಸು ಇದೆಯಲ್ಲ’ ಎನ್ನುವವರಿದ್ದಾರೆ. ಇದೆ, ನಿಜ. ಆದರೆ 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗನ್ನು ನೋಡಿಕೊಂಡ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗೆಲ್ ಈ ಊರಿಗೆ ಬಿಟ್ಟುಹೋದ ದೊಡ್ಡ ಪಾಠ ಬೇರೆ. ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳಲ್ಲೂ ಬೀದಿ ಬಣ್ಣವಿಲ್ಲದೆ ಇರಬಾರದು ಎಂಬುದು ಅವರ ಕ್ರಮ. ಹತ್ತಡಿ ಅಂಗಳದಲ್ಲೂ ಅದು ಸಾಧ್ಯ. ಬೇಸಿಗೆಗೆ ಮಲ್ಲಿಗೆ, ಮಳೆ ಹಿಂದೆಗೆಯುವಾಗ ಪಾರಿಜಾತ, ಚಳಿಗೆ ಸ್ಫಟಿಕ, ವರ್ಷವಿಡೀ ದಾಸವಾಳ, ನಂದಿಬಟ್ಟಲು. ಬೆಳಿಗ್ಗೆ ದೇವರ ಪೂಜೆಗೆ ಮಾರುಕಟ್ಟೆಯ ಹೂವಿಗೆ ಕಾಯಬೇಕಾಗಿಲ್ಲ.

ಅಂಗಳದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’. 1025ರ ಸುಮಾರಿನ ಕನ್ನಡ ಗ್ರಂಥ. ನೆಲದಡಿಯ ನೀರನ್ನು ಪತ್ತೆ ಮಾಡುವ ಬಗೆ, ಮನೆ ಕಟ್ಟುವ ವಾಸ್ತು, ಗಿಡಮರಗಳ ಆರೈಕೆ, ಅಡುಗೆ, ಸುಗಂಧದ್ರವ್ಯ ಎಲ್ಲವೂ ಒಂದೇ ಪುಸ್ತಕದಲ್ಲಿವೆ. ಸಾವಿರ ವರ್ಷದ ಹಿಂದಿನ ಗೃಹಸ್ಥನಿಗೆ ಇವೆಲ್ಲ ಒಂದೇ ಮನೆಯ ಸಂಗತಿಗಳು. ನನ್ನ ಅಂಗಳದ ಶಾಸ್ತ್ರವೂ ಅಲ್ಲಿಂದಲೇ ಬಂದದ್ದು: ಅಡುಗೆಮನೆಯ ನೀರು ಅಂಗಳಕ್ಕೆ, ಅಂಗಳದ ಹೂವು ದೇವರಮನೆಗೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನಾಲ್ಕೈದು ಗಿಡಕ್ಕೆ ಧಾರಾಳ. ಉಪ್ಪು, ಸೋಪು ಬೆರೆತದ್ದು ಮಾತ್ರ ಬೇಡ. ಪಾತಿಯನ್ನು ಕಾಂಡಕ್ಕೆ ಅಂಟಿಸದೆ ರೆಂಬೆಗಳ ನೆರಳು ಬೀಳುವಷ್ಟು ಅಗಲ ಮಾಡಿ, ಮೇಲೆ ಒಣ ಎಲೆ ಹರಡಿದರೆ ಬೇಸಿಗೆಯಲ್ಲೂ ತೇವ ಬೇಗ ಆರುವುದಿಲ್ಲ.

ಮನೆ ಮುಂದಿನ ಗಿಡ ಬರೀ ಅಂದಕ್ಕೆ ಎನ್ನುವವರು ಉಡುಪಿ ಜಿಲ್ಲೆಯ ಶಂಕರಪುರಕ್ಕೆ ಹೋಗಿಬರಬೇಕು. ಅಲ್ಲಿ ಮನೆಯ ಸುತ್ತಿನ ತುಂಡು ಜಾಗದ ಮಲ್ಲಿಗೆಯೇ ಸಂಸಾರಕ್ಕೆ ಆಸರೆ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ, ಕೋಲ, ಜಾತ್ರೆಯ ದಿನಗಳಲ್ಲಿ ಅಟ್ಟೆಯ ದರ ಏರುವುದನ್ನು ಇಡೀ ಕರಾವಳಿ ಗಮನಿಸುತ್ತದೆ. ಉಡುಪಿ, ಮೈಸೂರು, ಹಡಗಲಿ ಮೂರೂ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯಿದೆ. ಇಂಥ ನಾಡಿನಲ್ಲಿ ಮೆಕ್ಸಿಕೋದ ಹೆಸರು ಹೊತ್ತ ಹುಲ್ಲಿಗೆ ದುಡ್ಡು ಸುರಿಯುವುದು ನನಗೆ ಸರಿಕಾಣದು.

ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ವಿನಂತಿ. ಮುಂಬಾಗಿಲ ಪಕ್ಕ, ಅರ್ಧ ದಿನವಾದರೂ ಬಿಸಿಲು ಬೀಳುವ ಕಡೆ, ಮೂರಡಿ ಅಗಲದ ಮಣ್ಣನ್ನು ಹಾಗೇ ಬಿಡಿಸಿ. ಸಿಮೆಂಟಿನ ಚೂರು, ಜಲ್ಲಿ ಅಲ್ಲಿ ಸುರಿಯದಂತೆ ಮೇಸ್ತ್ರಿಗೆ ಮೊದಲೇ ಹೇಳಿಡಿ.