ಯಾರೂ ಬೇಡ ಎನ್ನಲಿಲ್ಲ

ಜಾನ್ ಬ್ರಾಂಚ್ ಬರೆದ ‘ಸ್ನೋ ಫಾಲ್’ 2012ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದಾಗ ನಮ್ಮಂಥ ಐಟಿಯವರು ಮೆಚ್ಚಿದ್ದು ಅದರ ತಂತ್ರವನ್ನು. ಸ್ಕ್ರೋಲ್ ಮಾಡಿದಂತೆ ಚಿತ್ರಗಳು ಜೀವ ತಳೆಯುತ್ತವೆ, ಬೆಟ್ಟ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಮರುವರ್ಷ ಪುಲಿಟ್ಜರ್ ಕೂಡ ಬಂತು. ಆಗ ನಾನು ನೋಡಿದ್ದೆನೇ ಹೊರತು ಓದಿರಲಿಲ್ಲ. ಈ ಮಳೆಗಾಲದಲ್ಲಿ ಪುಣೆಯ ಮನೆಯಲ್ಲಿ ಕೂತು ಪೂರ್ತಿ ಓದಿದೆ.

ನಡೆದದ್ದಿಷ್ಟು: 2012ರ ಫೆಬ್ರವರಿ 19ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್ ಸ್ಕೀ ತಾಣದ ಗಡಿಯಾಚೆ, ಟನಲ್ ಕ್ರೀಕ್ ಇಳಿಜಾರಿಗೆ ನುರಿತ ಸ್ಕೀಗಾರರ ದೊಡ್ಡ ಗುಂಪೊಂದು ಹೋಯಿತು. ಹಿಮ ಕುಸಿದು ಮೂವರು ಸತ್ತರು. ಕೊಚ್ಚಿಹೋದ ಇನ್ನೊಬ್ಬಾಕೆ ಏರ್‌ಬ್ಯಾಗ್ ಇದ್ದುದರಿಂದ ಉಳಿದಳು.

ಕಾರಣವನ್ನು ಬ್ರಾಂಚ್ ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ತಿಳಿಯಾದ, ಚಳಿಯ ರಾತ್ರಿಗಳಲ್ಲಿ ಹಿಮದ ಮೇಲೆ ಗರಿಯಂಥ ಹರಳುಗಳು ಮೂಡುತ್ತವೆ. ಅವುಗಳ ಮೇಲೆ ಹೊಸ ಹಿಮ ಬಿದ್ದರೆ ಗೋಲಿಗಳ ಮೇಲೆ ಹಲಗೆ ಇಟ್ಟಂತೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅದನ್ನು ಜಾರಿಸಲು ಒಬ್ಬನ ಭಾರ ಸಾಕು.

ನನ್ನ ತಕರಾರು ಆ ಚಿತ್ರಗಳ ಬಗ್ಗೆ. ಬೆಟ್ಟವನ್ನು ಆಕಾಶದಿಂದ ನೋಡುವ ನಮಗೆ ಎಲ್ಲವೂ ಮೊದಲೇ ಗೊತ್ತು. ಕೆಳಗಿರುವವರು ದಡ್ಡರಂತೆ ಕಾಣುತ್ತಾರೆ. ಆದರೆ ಅವರಿಗೆ ಅನುಭವವಿತ್ತು, ಹಿಮದಡಿ ಹುಡುಕುವ ಸಲಕರಣೆಯಿತ್ತು. ಕೆಲವರಿಗೆ ಒಳಗೊಳಗೇ ಅಳುಕೂ ಇತ್ತು. ಇಷ್ಟು ಜನ ಬಲ್ಲವರಿದ್ದಾರಲ್ಲ ಎಂದು ಸುಮ್ಮನಾದರು. ಈ ಸುಮ್ಮನಿರುವಿಕೆಯನ್ನು ಯಾವ ಅನಿಮೇಷನ್ನೂ ತೋರಿಸಲಾರದು. ಬ್ರಾಂಚ್‌ರ ಗದ್ಯ ತೋರಿಸುತ್ತದೆ. ಕೃತಿಯ ಶಕ್ತಿ ಇರುವುದು ಅಲ್ಲಿ.

ಆ ಪುಟಗಳಲ್ಲಿ ನಾನು ಸಿಕ್ಕಿಬಿದ್ದೆ. ವರ್ಷಗಳ ಹಿಂದೆ ಒಂದು ಗೋ-ಲೈವ್ ಮೀಟಿಂಗಿನಲ್ಲಿ, ರೋಲ್‌ಬ್ಯಾಕ್ ಪರೀಕ್ಷೆ ಆಗಿಲ್ಲವೆಂದು ನನಗೆ ಗೊತ್ತಿತ್ತು. ಹಿರಿಯ ಆರ್ಕಿಟೆಕ್ಟ್ ತಲೆಯಾಡಿಸಿದರು, ನಾನೂ ಆಡಿಸಿದೆ. ಮುಂದಿನ ಮೂರು ರಾತ್ರಿ ಯಾರಿಗೂ ನಿದ್ದೆಯಿಲ್ಲ. ಆಮೇಲೆ ಚಹಾ ಕುಡಿಯುವಾಗ ಇನ್ನಿಬ್ಬರು ಹೇಳಿದರು: ನಮಗೂ ಗೊತ್ತಿತ್ತು. ನಮ್ಮಲ್ಲಿ ಹೋದದ್ದು ನಿದ್ದೆ, ಅಲ್ಲಿ ಮೂರು ಜೀವ.

ಹಿಮಕುಸಿತದ ತರಬೇತಿಗಳಲ್ಲಿ ಒಂದು ಪಾಠವಿದೆ: ಗುಂಪಿನಲ್ಲಿ ಯಾರೊಬ್ಬರು ಬೇಡವೆಂದರೂ ಹಿಂದಿರುಗಬೇಕು, ಕಾರಣ ಕೇಳಿ ಹಂಗಿಸಬಾರದು. ‘ಸ್ನೋ ಫಾಲ್’ ಇದನ್ನು ಉಪದೇಶವಾಗಿ ಹೇಳುವುದಿಲ್ಲ, ಅದಕ್ಕೇ ನಾಟುತ್ತದೆ.

ಓದುವುದಾದರೆ ಮೊದಲ ಸಲ ಚಿತ್ರ, ವಿಡಿಯೊ ಬಿಟ್ಟು ಬರೀ ಬರಹ ಓದಿ. ಇಳಿಯುವ ಮುಂಚೆ ಅವರೆಲ್ಲ ಮೇಲೆ ನಿಂತಿರುವ ಭಾಗವನ್ನು ನಿಧಾನವಾಗಿ ಓದಿ. ನಾನಂತೂ ಈಗ ಮೀಟಿಂಗುಗಳಲ್ಲಿ ಎಲ್ಲರಿಗಿಂತ ಕಿರಿಯರನ್ನೇ ಮೊದಲು ಕೇಳುತ್ತೇನೆ.