ಹೆಸರು, ತಳಿ, ವರ್ಷ: ಪಿಯೆಮಾಂಟ್ ವೈನ್‌ಗಳ ಬಹುಚರ ವಿಶ್ಲೇಷಣೆಯ ವಿಮರ್ಶೆ

ಆಹಾರ ಪಾನೀಯಗಳ ಮೂಲವನ್ನು ಅವುಗಳ ರಾಸಾಯನಿಕ ರಚನೆಯಿಂದ ಗುರುತಿಸುವ ಪ್ರಯತ್ನಗಳಲ್ಲಿ ಇಟಲಿಯ ಪಿಯೆಮಾಂಟ್ ಪ್ರಾಂತ್ಯದ ವೈನ್‌ಗಳನ್ನು ಕುರಿತ ಅಧ್ಯಯನಕ್ಕೆ ವಿಶಿಷ್ಟ ಸ್ಥಾನವಿದೆ. ಮಿಕೆಲೆ ಫೊರಿನಾ ಮತ್ತು ಸಂಗಡಿಗರು 1986ರಲ್ಲಿ ‘ವೀಟಿಸ್’ ನಿಯತಕಾಲಿಕದಲ್ಲಿ ಪ್ರಕಟಿಸಿದ ಈ ಅಧ್ಯಯನ ಬರೋಲೊ, ಗ್ರಿನ್ಯೊಲಿನೊ, ಬಾರ್ಬೆರಾ ಎಂಬ ಮೂರು ಬಗೆಯ ವೈನ್‌ಗಳ 178 ಮಾದರಿಗಳನ್ನು ಆಧರಿಸಿದೆ. 13 ಚಲಕಗಳಿಗೆ ಇಳಿಸಿದ ಇದರ ಸಂಕ್ಷಿಪ್ತ ರೂಪ 1991ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ದತ್ತಾಂಶ ಭಂಡಾರವನ್ನು ಸೇರಿ, ಅಲ್ಲಿಂದ ಹಲವು ದೇಶಗಳ ಪಾಠಕೊಠಡಿಗಳಿಗೆ ಹರಡಿತು. ಪಠ್ಯವೊಂದು ತನ್ನ ಸಂದರ್ಭವನ್ನು ಕಳಚಿಕೊಂಡು ಪ್ರಸಾರವಾದಾಗ ಏನನ್ನು ಕಳೆದುಕೊಳ್ಳುತ್ತದೆ ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಹಳೆಯದು. ಅದನ್ನು ಈ ಅಂಕಿಗಳ ಪಟ್ಟಿಗೂ ಕೇಳಬೇಕಾಗಿದೆ.

ಪ್ರಧಾನ ಘಟಕ ವಿಶ್ಲೇಷಣೆಯು ಪರಸ್ಪರ ಹೆಣೆದುಕೊಂಡ ಹಲವು ಅಳತೆಗಳನ್ನು ಕೆಲವೇ ಹೊಸ ಅಕ್ಷಗಳಿಗೆ ಇಳಿಸುತ್ತದೆ. ಅಳತೆಗಳನ್ನು ಇದ್ದಂತೆಯೇ ಬಿಟ್ಟರೆ, 278ರಿಂದ 1680ರವರೆಗೆ ಹರಡಿಕೊಂಡಿರುವ ಪ್ರೋಲಿನ್ ಎಂಬ ಅಮೈನೋ ಆಮ್ಲವೇ ಮೊದಲ ಅಕ್ಷವನ್ನು ಆಕ್ರಮಿಸುತ್ತದೆ. ಒಟ್ಟು ಏರಿಳಿತದ ಶೇ. 99ಕ್ಕೂ ಹೆಚ್ಚು ಪಾಲು ಆ ಅಕ್ಷದ್ದೇ ಆಗುತ್ತದೆ. ಎಲ್ಲ ಚಲಕಗಳನ್ನೂ ಸಮಾನ ಮಾನಕ್ಕೆ ತಂದರೆ ಮೊದಲ ಎರಡು ಅಕ್ಷಗಳು ಸುಮಾರು ಶೇ. 55ರಷ್ಟನ್ನು ವಿವರಿಸುತ್ತವೆ, ಮೂರು ಗುಂಪುಗಳು ಬಹುಮಟ್ಟಿಗೆ ಬೇರ್ಪಡುತ್ತವೆ. ಅಕ್ಕಿಯನ್ನು ಸೇರಿನಲ್ಲಿಯೂ ಚಿನ್ನವನ್ನು ಗುಲಗಂಜಿಯಲ್ಲಿಯೂ ಅಳೆದವರಿಗೆ ಇದು ಹೊಸ ಪಾಠವೇನಲ್ಲ. ಇಲ್ಲಿಯವರೆಗೆ ವಿಧಾನದ ಬಗೆಗೆ ತಕರಾರಿಲ್ಲ.

ತಕರಾರು ಇರುವುದು ಗುಂಪುಗಳ ಹೆಸರಿನಲ್ಲಿ. ಭಂಡಾರದ ವಿವರಣೆ ಇವನ್ನು ಮೂರು ದ್ರಾಕ್ಷಿ ತಳಿಗಳೆಂದು ಕರೆಯುತ್ತದೆ. ಗ್ರಿನ್ಯೊಲಿನೊ, ಬಾರ್ಬೆರಾ ತಳಿಗಳೇನೋ ಹೌದು. ಆದರೆ ಬರೋಲೊ ಎಂಬುದು ಊರಿನ ಹೆಸರು. ಅಲ್ಲಿಯ ವೈನ್ ನೆಬ್ಬಿಯೊಲೊ ದ್ರಾಕ್ಷಿಯದು, ಮರದ ಪೀಪಾಯಿಯಲ್ಲಿ ದೀರ್ಘಕಾಲ ಮಾಗಿಸಬೇಕೆಂಬ ಕಟ್ಟಳೆಗೆ ಒಳಪಟ್ಟದ್ದು. ಹೀಗಿರುವಾಗ ಬರೋಲೊ ಮಾದರಿಗಳ ಪ್ರತ್ಯೇಕತೆಯಲ್ಲಿ ತಳಿಯ ಪಾಲೆಷ್ಟು, ನೆಲದ ಪಾಲೆಷ್ಟು, ಮಾಗಿಸುವ ಪದ್ಧತಿಯ ಪಾಲೆಷ್ಟು ಎಂಬುದನ್ನು ಈ ಅಂಕಿಗಳಷ್ಟೇ ಹೇಳಲಾರವು. ಜನಸಮುದಾಯ ತಾನೇ ಗುರುತಿಸುವ ಪ್ರಕಾರಗಳಿಗೂ ವಿದ್ವಾಂಸರು ರೂಪಿಸುವ ವಿಶ್ಲೇಷಣಾ ವರ್ಗಗಳಿಗೂ ನಡುವೆ ಡಾನ್ ಬೆನ್-ಅಮೋಸ್ 1969ರಲ್ಲಿ ತೋರಿದ ಅಂತರ ಇಲ್ಲಿಗೂ ಸಲ್ಲುತ್ತದೆ. ‘ಬರೋಲೊ’ ಮೊದಲನೆಯದಕ್ಕೆ ಸೇರಿದ್ದು, ‘ತಳಿ’ ಎರಡನೆಯದಕ್ಕೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸಿದ್ದನ್ನು ಕೇವಲ ಕೈತಪ್ಪೆಂದು ಬಿಡುವಂತಿಲ್ಲ.

ಅದಕ್ಕಿಂತ ಗಂಭೀರವಾದುದು ವರ್ಷದ ಕಣ್ಮರೆ. ಹೆಚ್ಚು ಚಲಕಗಳನ್ನು ಉಳಿಸಿಕೊಂಡ ವಿಸ್ತೃತ ಪಾಠದಲ್ಲಿ ಪ್ರತಿ ಮಾದರಿಯ ಸುಗ್ಗಿಯ ವರ್ಷವೂ ದಾಖಲಾಗಿದೆ. ಬರೋಲೊದ 59 ಮಾದರಿಗಳು 1971, 1973, 1974ರವು. ಗ್ರಿನ್ಯೊಲಿನೊದ 71 ಮಾದರಿಗಳು 1970ರಿಂದ 1976ರವರೆಗಿನವು. ಬಾರ್ಬೆರಾದ 48ರಲ್ಲಿ 34 ಮಾದರಿಗಳು 1978 ಮತ್ತು 1979ರವು. ಆ ಎರಡು ವರ್ಷಗಳ ಬೇರೆ ವೈನ್ ಒಂದೂ ಪಟ್ಟಿಯಲ್ಲಿಲ್ಲ. ಕೆಂಪು ವೈನಿನ ಬಣ್ಣ ವಯಸ್ಸಿನೊಂದಿಗೆ ಬದಲಾಗುವಂಥದು. ಬಾರ್ಬೆರಾವನ್ನು ಉಳಿದೆರಡರಿಂದ ಬೇರ್ಪಡಿಸುವ ಚಲಕಗಳಲ್ಲಿ ಬಣ್ಣದ ತೀವ್ರತೆ ಮುಖ್ಯವಾದದ್ದು. ಸಂಕ್ಷಿಪ್ತ ಪಾಠದಲ್ಲಿ ವರ್ಷದ ಅಂಕಣವಿಲ್ಲದ ಕಾರಣ, ನೂರಕ್ಕೆ 98ಕ್ಕೂ ಮೀರಿ ಸರಿಯಾಗಿ ವರ್ಗೀಕರಿಸುವ ಸೂತ್ರವು ದ್ರಾಕ್ಷಿಯನ್ನು ಗುರುತಿಸುತ್ತಿದೆಯೋ ಸುಗ್ಗಿಯನ್ನೋ ಎಂದು ಕೇಳುವ ದಾರಿಯೇ ಅದನ್ನು ಬಳಸುವ ವಿದ್ಯಾರ್ಥಿಗೆ ಮುಚ್ಚಿಹೋಗಿದೆ. ಮೂರೂ ವೈನ್‌ಗಳು ಒಟ್ಟಿಗೆ ದೊರೆಯುವುದು 1974ರಲ್ಲಿ ಮಾತ್ರ: ಬರೋಲೊ 20, ಗ್ರಿನ್ಯೊಲಿನೊ 16, ಬಾರ್ಬೆರಾ 9. ವರ್ಷದ ಗೊಂದಲವಿಲ್ಲದೆ ಮೂರನ್ನೂ ಹೋಲಿಸಲು ಉಳಿಯುವುದು 178ರಲ್ಲಿ ಈ 45 ಮಾದರಿಗಳಷ್ಟೇ.