ಪ್ರಶಿಕ್ಷಣಾರ್ಥಿಗಳ ಡಿಜಿಟಲ್ ಪರಿಣತಿ: ನಾವು ಅಳೆಯುತ್ತಿರುವುದು ಏನನ್ನು?

ವಿಕಲಚೇತನ ಮಕ್ಕಳಿಗೆ ಕಲಿಸಲು ಬೇಕಾದ ಡಿಜಿಟಲ್ ಪರಿಣತಿ ನಮ್ಮ ಭಾವಿ ಶಿಕ್ಷಕರಲ್ಲಿ ಎಷ್ಟಿದೆ? ಈ ಪ್ರಶ್ನೆಗೆ ಉತ್ತರ ಹುಡುಕುವ ವಿಧಾನ ಬಹುಮಟ್ಟಿಗೆ ಒಂದೇ. ಪ್ರಶಿಕ್ಷಣಾರ್ಥಿಗಳ ಕೈಗೆ ಪ್ರಶ್ನಾವಳಿ ಕೊಡಲಾಗುತ್ತದೆ. 'ನೆರವಿನ ತಂತ್ರಜ್ಞಾನವನ್ನು ಬಳಸಬಲ್ಲೆ' ಎಂಬಂಥ ಹೇಳಿಕೆಗಳ ಮುಂದೆ ಒಂದರಿಂದ ಐದರೊಳಗಿನ ಒಂದು ಅಂಕಿಗೆ ಅವರು ಗುರುತು ಹಾಕುತ್ತಾರೆ. ಅವನ್ನೆಲ್ಲ ಕೂಡಿಸಿ ಸರಾಸರಿ ತೆಗೆದು ಪರಿಣತಿ ಎಂದು ಕರೆಯಲಾಗುತ್ತದೆ. ನಮ್ಮ ತಕರಾರು ಇರುವುದು ಇಲ್ಲಿಯೇ. ಇದು ಆತ್ಮವಿಶ್ವಾಸದ ಅಳತೆ, ಪರಿಣತಿಯದ್ದಲ್ಲ. ಅಂಧ ಮಗುವಿಗೆ ಒಮ್ಮೆಯೂ ಪಾಠ ಮಾಡದವರು ತಮ್ಮ ಕೊರತೆಯನ್ನು ತಾವೇ ಅಂದಾಜು ಮಾಡುವುದಾದರೂ ಹೇಗೆ?

ಐರೋಪ್ಯ ಒಕ್ಕೂಟ 2017ರಲ್ಲಿ ಪ್ರಕಟಿಸಿದ 'ಡಿಜ್‌ಕಾಂಪ್‌ಎಜು' ಚೌಕಟ್ಟು ಶಿಕ್ಷಕರ ಡಿಜಿಟಲ್ ಸಾಮರ್ಥ್ಯಗಳನ್ನು 6 ವಿಭಾಗಗಳಲ್ಲಿ 22 ಎಂದು ಪಟ್ಟಿಮಾಡಿತು. ಎಲ್ಲ ಮಕ್ಕಳಿಗೂ ಎಟಕುವಂತೆ ಕಲಿಸುವುದು ಅವುಗಳಲ್ಲೊಂದು. ಸ್ಥಾನ ಸಿಕ್ಕಿದ್ದು ಒಳ್ಳೆಯದೇ. ಆದರೆ ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಕೊಟ್ಟಾಗ ಉಳಿದ 21ರ ಗಳಿಕೆ ಈ ಒಂದರ ಸೋಲನ್ನು ಮುಚ್ಚಿಹಾಕುತ್ತದೆ.

ನಮ್ಮಲ್ಲಿ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ್ದಾಯಿತು. ಅದರ ಪಠ್ಯಕ್ರಮ ಚೌಕಟ್ಟಿನಲ್ಲಿ ಸಮನ್ವಯ ಶಾಲೆಯ ಬಗ್ಗೆ ಒಂದು ಪತ್ರಿಕೆ, ಮಾಹಿತಿ ತಂತ್ರಜ್ಞಾನದ ಬಗ್ಗೆ ಇನ್ನೊಂದು. ಒಂದರಲ್ಲಿ ಮಗುವಿದೆ, ಇನ್ನೊಂದರಲ್ಲಿ ಕಂಪ್ಯೂಟರ್ ಇದೆ. ಇವೆರಡನ್ನು ಜೋಡಿಸುವ ಹೊಣೆ ಯಾರದು?

ಕನ್ನಡದ್ದೇ ಒಂದು ಉದಾಹರಣೆ ನೋಡೋಣ. 'ನುಡಿ'ಯ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಪಾಠ ಕಣ್ಣಿಗೆ ಶುದ್ಧ ಕನ್ನಡ. ಆದರೆ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಪರದೆಯನ್ನು ಓದಿಹೇಳುವ ಎನ್‌ವಿಡಿಎ ತಂತ್ರಾಂಶ ಅದನ್ನು ಅರ್ಥವಿಲ್ಲದ ಗದ್ದಲವಾಗಿ ಓದುತ್ತದೆ. ಅದೇ ಪಾಠ ಯೂನಿಕೋಡ್‌ನಲ್ಲಿದ್ದರೆ ಮಗು ಕೇಳಿ ಕಲಿಯಬಲ್ಲದು. ಉರ್ದುವಿನ ಕಥೆಯೂ ಬೇರೆಯಲ್ಲ. ಇನ್‌ಪೇಜ್‌ನಲ್ಲಿ ಅಂದವಾಗಿ ಜೋಡಿಸಿ ಚಿತ್ರವಾಗಿ ಹಂಚಿದ ಪುಟದಲ್ಲಿ ಆ ತಂತ್ರಾಂಶಕ್ಕೆ ಅಕ್ಷರಗಳೇ ಸಿಗುವುದಿಲ್ಲ. ಬೇರೆ ದೇಶದ ಪ್ರಶ್ನಾವಳಿಯನ್ನು ಅನುವಾದಿಸಿ ತಂದರೆ ಇಂಥ ತೊಡಕುಗಳು ಅದರಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಆದ್ದರಿಂದ ಕೇಳುವುದನ್ನು ಬಿಟ್ಟು ಮಾಡಿಸಿ ನೋಡಬೇಕು. ನುಡಿಯ ಕಡತವೊಂದನ್ನು ಯೂನಿಕೋಡ್‌ಗೆ ಬದಲಿಸಿ, ಆಗುವ ಕಾಗುಣಿತದ ತಪ್ಪು ತಿದ್ದಲಿ. ಜಲಚಕ್ರದ ಚಿತ್ರವನ್ನು ಕಾಣದ ಮಗುವಿಗೆ ನಾಲ್ಕು ವಾಕ್ಯಗಳಲ್ಲಿ ವಿವರಿಸಲಿ. ಕಿವಿ ಕೇಳದ ಮಗುವಿಗಾಗಿ ಐದು ನಿಮಿಷದ ಪಾಠದ ವಿಡಿಯೋಗೆ ಕನ್ನಡದಲ್ಲಿ ಅಡಿಬರಹ ಹಾಕಲಿ. ಸಾಧ್ಯವಾದೆಡೆ ಆ ಕೆಲಸವನ್ನು ಅದೇ ತೊಂದರೆಯೊಡನೆ ಬದುಕಿರುವವರೇ ಪರೀಕ್ಷಿಸಲಿ. ಅವರಿಗೆ ಉಪಯೋಗವಾಯಿತೇ ಇಲ್ಲವೇ ಎಂಬುದೇ ಅಂಕ.

ಇದಕ್ಕೆ ಸಮಯ, ಹಣ ಬೇಕೆಂಬ ಆಕ್ಷೇಪ ನಿಜ. ನೂರಾರು ಜನರನ್ನು ಒಂದೇ ಗಂಟೆಯಲ್ಲಿ ಅಳೆಯಲು ಪ್ರಶ್ನಾವಳಿಯೇ ಸುಲಭ. ತಮ್ಮ ಬಗ್ಗೆ ತಾವೇ ಯೋಚಿಸಲು ಅದು ನೆರವಾಗಲಿ. ಪ್ರಮಾಣಪತ್ರಕ್ಕೆ ಆಧಾರವಾಗುವುದು ಬೇಡ. ವಿಶೇಷ ಶಿಕ್ಷಕರಿದ್ದಾರಲ್ಲ ಎಂಬ ಮಾತೂ ಸಲ್ಲದು. 1995ರ ಕಾಯ್ದೆಯಲ್ಲಿ 7 ಇದ್ದ ವೈಕಲ್ಯದ ಬಗೆಗಳನ್ನು 2016ರ ಕಾಯ್ದೆ 21ಕ್ಕೆ ಏರಿಸಿತು. ಸಮನ್ವಯ ಶಿಕ್ಷಣಕ್ಕೆ ಸಿಬ್ಬಂದಿಯನ್ನು ತರಬೇತುಗೊಳಿಸುವ ಹೊಣೆಯನ್ನೂ ಸರ್ಕಾರದ ಮೇಲೆ ಹೊರಿಸಿತು. ಈ ಮಕ್ಕಳು ಸಾಮಾನ್ಯ ತರಗತಿಯಲ್ಲೇ ಕೂರುತ್ತಾರೆ, ಸಾಮಾನ್ಯ ಶಿಕ್ಷಕರನ್ನೇ ನಂಬಿರುತ್ತಾರೆ.

ತಪ್ಪು ಅಳತೆಯಿಂದ ಆಗುವ ನಷ್ಟ ಪ್ರಶಿಕ್ಷಣಾರ್ಥಿಯದ್ದಲ್ಲ. ಐದಕ್ಕೆ ನಾಲ್ಕು ಬಂದ ಕಾಲೇಜು ತರಬೇತಿ ಸಾಕೆಂದು ತೀರ್ಮಾನಿಸುತ್ತದೆ. ಆ ತೀರ್ಮಾನದ ಬೆಲೆ ತೆರುವುದು ಅಲ್ಲಿಂದ ಹೊರಬಂದ ಶಿಕ್ಷಕರ ಮುಂದೆ ಕುಳಿತ ಮಗು.